ಎಕ್ಸ್‌ಟೆನ್ಶನ್ ಬೋರ್ಡ್ ಹಚ್ಚೋದು, ಸುತ್ತಿ ಇಡೋದು: ಮಂದಿ ಪದೇ ಪದೇ ಕೇಳೋ ಪ್ರಶ್ನೆಗಳು

ನಾ ಬಾಗಲಕೋಟಿ ನವನಗರದಾಗ ಮನಿ ವೈರಿಂಗ್ ಕೆಲಸ ಮಾಡಾವ. ಫ್ಯಾನ್ ರಿಪೇರಿ ಅಂತ ಕರೀತಾರ, ಹೋದ್ರ ಫ್ಯಾನಿಗಿಂತ ಮೊದಲ ನನ್ನ ಕಣ್ಣಿಗೆ ಬೀಳೋದು ಸೋಫಾದ ಹಿಂದ ಒಗದಿದ್ದ ಎಕ್ಸ್‌ಟೆನ್ಶನ್ ಬಾಕ್ಸ್, ಅದರಾಗ ಟಿವಿ, ಸೆಟಪ್ ಬಾಕ್ಸ್, ಎರಡ ಚಾರ್ಜರ್, ಸಾಲದು ಅಂತ ಇಸ್ತ್ರಿ ಪೆಟ್ಟಿಗಿ ಬ್ಯಾರೆ. ಕೇಳೋ ಪ್ರಶ್ನೆ ಎಲ್ಲಾರ ಮನ್ಯಾಗೂ ಅವ, ನನ್ನ ಉತ್ತರಾನೂ ಅವ, ಅದಕ್ಕ ಒಂದ ಕಡೆ ಬರದ ಇಟ್ಟೀನಿ.

ಪ್ರಶ್ನೆ: ಬಾಕ್ಸಿಗೆ ಆರ ಸಾಕೆಟ್ ಅದಾವ ಅಂದ್ರ ಆರ ಸಾಮಾನ ಹಚ್ಚಬಹುದಲ್ರಿ?

ಸಾಕೆಟ್ ಎಣಸಬ್ಯಾಡ್ರಿ, ಆಂಪಿಯರ್ ನೋಡ್ರಿ. ಬಾಕ್ಸಿನ ಬೆನ್ನಿಗೆ ಸಣ್ಣ ಅಕ್ಷರದಾಗ 6 ಆಂಪಿಯರ್ ಅಂತ ಇರ್ತೈತಿ. ನಮ್ಮ ಮನಿ ಕರೆಂಟ್ 230 ವೋಲ್ಟ್, 6 ಕ್ಕ ಗುಣಿಸಿದ್ರ 1380 ವ್ಯಾಟ್. ಆರೂ ಸಾಕೆಟ್ ಕೂಡಿ ಇಷ್ಟ, ಒಂದೊಂದಕ್ಕ ಇಷ್ಟಲ್ಲ, ಇಲ್ಲೇ ಮಂದಿ ಎಡವೋದು. ಟಿವಿ, ವೈಫೈ, ನಾಕ ಮೊಬೈಲ್ ಚಾರ್ಜರ್ ಎಲ್ಲಾ ಕೂಡಿಸಿದ್ರೂ 300 ವ್ಯಾಟ್ ದಾಟೋದು ಕಡಿಮಿ, ಅಲ್ಲಿ ಅಂಜಿಕಿಲ್ಲ. ಕಾಯಿಸೋ ಸಾಮಾನ ಬಂತಂದ್ರ ಲೆಕ್ಕ ಬ್ಯಾರೆ ಆಗ್ತೈತಿ. ಇಸ್ತ್ರಿ ಪೆಟ್ಟಿಗಿ 1000, ಅದರ ಜೋಡಿ 750 ರ ಮಿಕ್ಸರ್ ಹಚ್ಚಿದ್ರಿ ಅಂದ್ರ 1750 ಆತು, ಬಾಕ್ಸ್ ಸೋತಂಗ. ಎರಡೂ ಹಚ್ಚೋದಿದ್ರ ಒಂದಾದ ಮ್ಯಾಲೆ ಒಂದ ಹಚ್ಚರಿ, ಚಟ್ನಿ ಆಗೂತನಕ ಅಂಗಿ ಕಾಯ್ತೈತಿ.

ಪ್ರಶ್ನೆ: ಮೇನ್ ಬೋರ್ಡಿನ್ಯಾಗ ಎಂಸಿಬಿ ಸ್ವಿಚ್ ಐತಲ್ರಿ, ಲೋಡ್ ಜಾಸ್ತಿ ಆದ್ರ ತಾನ ಬೀಳ್ತೈತಿ, ಮತ್ಯಾಕ ಹೆದರಬೇಕು?

ಈ ಒಂದ ಮಾತಿಗೆ ನಾ ಎಷ್ಟ ಮನ್ಯಾಗ ಎಷ್ಟ ಸಲ ಕುಂತ ತಿಳಿಸಿ ಹೇಳೀನೋ ಲೆಕ್ಕಿಲ್ಲ. ಎಂಸಿಬಿ ಕಾಯೋದು ನಿಮ್ಮ ಗ್ವಾಡಿಯೊಳಗಿನ ವೈರನ್ನ. ನಿಮ್ಮ ಎಕ್ಸ್‌ಟೆನ್ಶನ್ ವೈರ್ ಎಷ್ಟ ತೆಳ್ಳಗ ಐತಿ ಅನ್ನೋದು ಅದಕ್ಕ ಗೊತ್ತ ಇಲ್ಲ. ಗ್ವಾಡಿಯೊಳಗ ದಪ್ಪ ವೈರ್ ಇರ್ತೈತಿ ಅಂತ ಹೇಳಿ ಅದಕ್ಕ ತಕ್ಕಂಗ 16 ಆಂಪಿಯರ್ ಎಂಸಿಬಿ ಕೂಡಿಸಿರ್ತಾರ. 16 ರ ಎಂಸಿಬಿ 16 ಕ್ಕ ಬೀಳಂಗಿಲ್ಲ, 18 ಆಂಪಿಯರ್ ಹರದ್ರೂ ಒಂದ ತಾಸು ತಡಕೊಂಡ ಇರಬಹುದು ಅಂತ ಅದರ ಸ್ಟ್ಯಾಂಡರ್ಡನ್ಯಾಗ ಐತಿ, 23 ದಾಟಿದ ಮ್ಯಾಲೆನ ತಾಸಿನೊಳಗ ಬೀಳಬೇಕು ಅನ್ನೋ ನಿಯಮ. ಶಾರ್ಟ್ ಆದ್ರ ಮಾತ್ರ ಟಪ್ ಅಂತ ಬೀಳ್ತೈತಿ, ಅದು ಬ್ಯಾರೆ ಮಾತು. ಈಗ ಲೆಕ್ಕ ಹಾಕ್ರಿ, 6 ಆಂಪಿಯರಿನ ಬಾಕ್ಸಿನ ಟಾಪ್ (ವೈರಿನ ತುದಿಗೆ ಇರೋ ಪಿನ್ನಿನ ಪ್ಲಗ್) ದೊಡ್ಡದು ಸಣ್ಣದು ಎರಡೂ ಕೂಡೋ ಆರ ತೂತಿನ ಪವರ್ ಸಾಕೆಟ್‌ನ್ಯಾಗ ಆರಾಮ ಕೂಡತೈತಿ, ನೀವು ಅದರಾಗ 13 ಆಂಪಿಯರ್ ಎಳದ್ರೂ ಎಂಸಿಬಿ ತನಗೇನೂ ಆಗಿಲ್ಲ ಅಂತ ಸುಮ್ನ ಕುಂದರತೈತಿ, ಅತ್ಲಾಗ ವೈರ್ ಬೇಯಾಕತ್ತಿರ್ತೈತಿ. ಎಂಸಿಬಿ ಬೀಳೋದು ವೈರಿನ ಚರ್ಮ ಕರಗಿ ಎರಡ ತಂತಿ ಕೂಡಿದ ಮ್ಯಾಲೆ. ಅಷ್ಟೊತ್ತಿಗೆ ಅಲ್ಲಿ ಗಾದಿ ಇದ್ರ ಗಾದಿ, ಪರದೆ ಇದ್ರ ಪರದೆ ಹೊತ್ತಿರ್ತೈತಿ.

ಸ್ವಂತ ಬಾಕ್ಸಿಗೇ ಒಂದ ಸಣ್ಣ ಫ್ಯೂಸು ಇಲ್ಲಾ ಒತ್ತಿದ್ರ ಮತ್ತ ಕೂಡೋ ಸಣ್ಣ ಬ್ರೇಕರ್ ಇರೋದು ಸಿಗ್ತಾವ. ಅಂಥಾದ್ದ ತಗೋರಿ, ಅದು ಬಾಕ್ಸಿನ ಮಟ್ಟಿಗೆ ತಾ ಕಾಯ್ಕೋತೈತಿ.

ಪ್ರಶ್ನೆ: ಉದ್ದ ವೈರ್ ಐತಿ, ಬೇಕಾದಷ್ಟ ಬಿಚ್ಚಿ ಉಳಿದಿದ್ದು ಸುತ್ತಿದಂಗ ಬಿಟ್ರ ನಡೀತೈತೇನ್ರಿ?

ನಡ್ಯಂಗಿಲ್ಲ. ಇದಕ್ಕ ನನ್ನದ ಕಥಿ ಹೇಳ್ತೀನಿ, ಮರ್ಯಾದಿ ಹೋದ್ರೂ ಹೋಗ್ಲಿ. ಕೆಲಸ ಕಲ್ಯಾಕ ಹತ್ತಿದ ಹೊಸದಾಗಿ ಗುಳೇದಗುಡ್ಡದಾಗ ನಮ್ಮ ಸಂಬಂಧಿಕರ ಮದ್ವಿ ಇತ್ತು. ಬೀಗರಿಗೆ ಬಿಸಿನೀರ ಬೇಕು ಅಂತ ಎರಡ ಡ್ರಮ್ಮಿಗೆ ಎರಡ ಹೀಟರ್ ರಾಡ್, 1500 ವ್ಯಾಟಿನವು, ನನ್ನ ರೀಲಿಗೆ ಹಚ್ಚಿದೆ. ರೀಲಿನ್ಯಾಗ 30 ಮೀಟರ್ ವೈರ್, 1 ಸ್ಕ್ವೇರ್ ಎಂಎಂದು (ಒಳಗಿನ ತಂತಿ ಎಷ್ಟ ದಪ್ಪ ಅನ್ನೋ ಅಳತಿ ಅದು). ಬೇಕಾಗಿದ್ದು 6 ಮೀಟರ್, ಉಳಿದಿದ್ದು ರೀಲಿಗೆ ಸುತ್ತಿದಂಗ ಬಿಟ್ಟು ಜಮಖಾನಿ ಮ್ಯಾಲೆ ಇಟ್ಟು ನಾ ಊಟಕ್ಕ ಹೋದೆ. ಬರೂದ್ರಾಗ ವಾಸನಿ. ರೀಲಿನೊಳಗ ವೈರೆಲ್ಲಾ ಕರಗಿ ಬೆಲ್ಲದ ಪೆಂಟಿ ಆದಂಗ ಆಗಿತ್ತು, ಜಮಖಾನಿ ಕರ್ರಗ ಸುಟ್ಟಿತ್ತು, ಎಂಸಿಬಿ ಆಗಷ್ಟ ಬಿದ್ದಿತ್ತು. ಕೂಸು ಗೀಸು ಅಲ್ಲಿ ಮಲಗಿದ್ದಿಲ್ಲ, ಪುಣ್ಯೇ.

ಯಾಕ ಹಂಗಾತು ಅಂದ್ರ, 30 ಮೀಟರ್ ವೈರ್ ಅಂದ್ರ ಕರೆಂಟ್ ಹೋಗಾಕ 30, ಬರಾಕ 30, ಒಟ್ಟ 60 ಮೀಟರ್ ತಾಮ್ರ. ಅದರ ರೆಸಿಸ್ಟನ್ಸ್ ಹೆಚ್ಚುಕಡಿಮಿ 1.2 ಓಮ್. ಎರಡ ರಾಡ್ ಎಳಿಯೋದು 13 ಆಂಪಿಯರ್. 13 ನ್ನ 13 ಕ್ಕ ಗುಣಿಸಿ 1.2 ಕ್ಕ ಗುಣಿಸಿದ್ರ 200 ವ್ಯಾಟ್ ಸನೇಕ ಬರ್ತೈತಿ, ಅಂದ್ರ ಹಳೇ ಕಾಲದ 100 ವ್ಯಾಟಿನ ಎರಡ ಬಲ್ಬು ರೀಲಿನ ಹೊಟ್ಟಿಯೊಳಗ ಉರಸಿದಂಗ. ಪೂರ್ತಿ ಬಿಚ್ಚಿ ಹಾಸಿದ್ರ ಅದ ಕಾವು 30 ಮೀಟರ್ ತುಂಬ ಹರಡಿ ಗಾಳಿಗೆ ಹೋಗ್ತೈತಿ, ಸುತ್ತಿದ್ರ ಒಳಗಿನ ಸುತ್ತಿನ ಕಾವು ಹೊರಗಿನ ಸುತ್ತು ಹಿಡಕೋತೈತಿ, ಕಂಬಳಿ ಹೊಚ್ಚಿದಂಗ. (1 ಸ್ಕ್ವೇರ್ ವೈರಿಗೆ 13 ಆಂಪಿಯರ್ ಬಿಚ್ಚಿ ಹಾಸಿದ್ರೂ ಜಾಸ್ತಿನ, ಅದು ನನ್ನ ಎರಡನೇ ತಪ್ಪು.) ಆಂಪಿಯರ್ ಎರಡ ಪಟ್ಟ ಆದ್ರ ಕಾವು ನಾಕ ಪಟ್ಟ ಆಗ್ತೈತಿ, ಅದಕ್ಕ ಒಂದ ರಾಡ್ ಹಚ್ಚಿದಾಗ ಸುಮ್ನ ಇದ್ದ ವೈರ್ ಎರಡನೇದ್ದ ಹಚ್ಚಿದ ಕೂಡ್ಲೆ ಕೈಕೊಡ್ತೈತಿ.

ಅದರ ಮ್ಯಾಲೆ ನಮ್ಮ ಕಡೆ ಬ್ಯಾಸಗಿ. ವೈರಿನ ಮ್ಯಾಲಿನ ಸಾದಾ ಪಿವಿಸಿ ತಡಕೊಳ್ಳೋದು 70 ಡಿಗ್ರಿ ತನಕ. ಏಪ್ರಿಲ್-ಮೇದಾಗ ಪಡಸಾಲಿನ 40 ಡಿಗ್ರಿ ಇದ್ರ ವೈರ್ ಕಾಯಾಕ ಉಳಿದಿದ್ದು 30 ಡಿಗ್ರಿ ಅಷ್ಟ.

ಪ್ರಶ್ನೆ: ಗೀಸರ್, ಇಂಡಕ್ಷನ್ ಒಲಿ, ಎಸಿ ಇವನ್ನ ಹಚ್ಚಬಹುದಾ?

ಬ್ಯಾಡ್ರಿ. 2000 ವ್ಯಾಟಿನ ಗೀಸರ್ ಆಗ್ಲಿ ಇಂಡಕ್ಷನ್ ಆಗ್ಲಿ 8.7 ಆಂಪಿಯರ್ ಎಳೀತೈತಿ, ಅವಕ್ಕ ಗ್ವಾಡಿಯೊಳಗಿನ 16 ಆಂಪಿಯರ್ ಪಾಯಿಂಟ್ ಬೇಕು. ಟಾಪ್ ದಪ್ಪ ಐತಿ ಕೂಡವಲ್ದು ಅಂತ ಹೇಳಿ ಅಂಗಡ್ಯಾಗ ಒಂದ ಸಣ್ಣ ಕನ್ವರ್ಟರ್ ಪ್ಲಗ್ ತಂದು, ದಪ್ಪ ಟಾಪನ್ನ ಸಣ್ಣ ಸಾಕೆಟ್ಟಿಗೆ ಕೂಡಿಸ್ತಾರ ನೋಡ್ರಿ, ಅದು ದೊಡ್ಡ ತಪ್ಪು. ದಪ್ಪ ಪಿನ್ ದಪ್ಪ ಮಾಡಿದ್ದ ಸಣ್ಣದ್ರಾಗ ಕೂಡಬಾರದು ಅಂತ.

ಪ್ರಶ್ನೆ: ಫ್ರಿಡ್ಜ್ ಹಚ್ಚಿದ್ರ? ಅದು 200 ವ್ಯಾಟ್ ಅಷ್ಟಲ್ರಿ?

ಓಡೋವಾಗ ಅಷ್ಟ. ಕಂಪ್ರೆಸರ್ ಶುರು ಆಗೋ ಕ್ಷಣಕ್ಕ ಅದರ ಎಷ್ಟೋ ಪಟ್ಟ ಎಳೀತೈತಿ, ಮತ್ತ ಹಗಲು ರಾತ್ರಿ ಹಂಗ ಶುರು ಆಗ್ಕೋತ ಬಂದ್ ಆಗ್ಕೋತ ಇರ್ತೈತಿ. ಸಾಕೆಟ್ ಸ್ವಲ್ಪ ಸಡಿಲ ಇದ್ರ ಪ್ರತಿ ಸಲ ಅಲ್ಲಿ ಕಿಡಿ. ಕಾಯಂ ಓಡೋ ಸಾಮಾನ ಕಾಯಂ ಪಾಯಿಂಟಿಗೇ ಇರ್ಲಿ.

ಪ್ರಶ್ನೆ: ನಮ್ಮ ಕೂಲರ್ ಮುಟ್ಟಿದ್ರ ಝುಂ ಅಂತೈತಿ. ಕೂಲರ್ ಕೆಟ್ಟಿರಬೇಕಾ?

ಕೂಲರೂ ಇರಬಹುದು, ಆದ್ರ ನಾ ಮೊದಲ ನೋಡೋದು ಎಕ್ಸ್‌ಟೆನ್ಶನ್. ಕಬ್ಬಿಣದ ಕೂಲರು, ಒಳಗ ನೀರು, ಕೆಳಗ ತೊಯ್ದ ನೆಲ, ಬರಿಗಾಲು, ಇದಕ್ಕಿಂತ ಕೆಟ್ಟ ಜೋಡಿ ಇಲ್ಲ. ಅಗ್ಗದ ಬಾಕ್ಸಿನ್ಯಾಗ ಒಂದ ಮೋಸ ಇರ್ತೈತಿ: ಮ್ಯಾಲೆ ಮೂರ ತೂತು ಕಾಣ್ತಾವ, ಅರ್ಥಿಂಗ್ ತೂತು ಐತಿ ಅಂತ ನಾವು ನಂಬ್ತೀವಿ, ಒಳಗ ಬಿಚ್ಚಿ ನೋಡಿದ್ರ ವೈರಿನ್ಯಾಗ ಎರಡ ತಂತಿ ಅಷ್ಟ, ಅರ್ಥಿಂಗ್ ತೂತಿಗೆ ಏನೂ ಕೂಡಿಸಿಲ್ಲ. ಅಂಥಾ ಬಾಕ್ಸಿಗೆ ಕೂಲರ್ ಹಚ್ಚಿದ್ರ ಲೀಕೇಜ್ ಕರೆಂಟಿಗೆ ಹೋಗಾಕ ದಾರಿ ನೀವ.

ನೋಡೋದು ಹೆಂಗ? ಟಾಪಿಗೆ ಎರಡ ಪಿನ್ ಇದ್ರ ಅಲ್ಲಿಗೇ ಮುಗೀತು, ಅರ್ಥಿಂಗ್ ಇಲ್ಲ. ಮೂರ ಪಿನ್ ಇದ್ರ ಗ್ವಾಡಿಯಿಂದ ಕಿತ್ತು ತೆಗದು ಮಲ್ಟಿಮೀಟರಿನ ಒಂದ ಕಡ್ಡಿ ಟಾಪಿನ ದಪ್ಪ ಉದ್ದ ಪಿನ್ನಿಗೆ, ಇನ್ನೊಂದು ಬಾಕ್ಸಿನ ಮ್ಯಾಲಿನ ದೊಡ್ಡ ತೂತಿಗೆ ಹಿಡೀರಿ, ಬೀಪ್ ಅಂದ್ರ ಅರ್ಥಿಂಗ್ ತಂತಿ ಐತಿ. ಒಳಗಿನ ಬಣ್ಣ ಹೇಳಬೇಕಂದ್ರ ಕಂದು ಫೇಸ್, ನೀಲಿ ನ್ಯೂಟ್ರಲ್, ಹಸರು-ಹಳದಿ ಪಟ್ಟಿದ್ದು ಅರ್ಥಿಂಗ್, ಹಳೇ ವೈರಿನ್ಯಾಗ ಕೆಂಪು ಕರಿ ಹಸರು ಇರ್ತಾವ. ಮನಿ ಅರ್ಥಿಂಗ್ ಗುಂಡಿನ ಒಣಗಿ ಹೋಗಿದ್ರ ಇದೆಲ್ಲಾ ಮಾಡಿದ್ರೂ ಉಪಯೋಗಿಲ್ಲ, ಅದನ್ನೂ ಒಮ್ಮೆ ನೋಡಸ್ರಿ. ಮೇನ್ ಬೋರ್ಡಿಗೆ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಹಾಕಸಿದ್ರಂತೂ ಭಾಳ ಚಲೋ, ಕರೆಂಟ್ ಲೀಕ್ ಆದ ಕೂಡ್ಲೆ ಬೀಳೋ ಸ್ವಿಚ್ ಅದು. ಎಂಸಿಬಿ ವೈರ್ ಕಾಯ್ತೈತಿ, ಇದು ಮನಷಾನ್ನ ಕಾಯ್ತೈತಿ. ಅಲ್ಲೀತನಕ ಝುಂ ಅನ್ನೋ ಕೂಲರಿಗೆ ನೀರ ಹಾಕೋದಿದ್ರ ಸ್ವಿಚ್ ಅಷ್ಟ ಅಲ್ಲ, ಟಾಪನ್ನೂ ಕಿತ್ತ ಇಡ್ರಿ.

ಪ್ರಶ್ನೆ: ಒಂದ ಎಕ್ಸ್‌ಟೆನ್ಶನ್‌ಗೆ ಇನ್ನೊಂದ ಎಕ್ಸ್‌ಟೆನ್ಶನ್ ಹಚ್ಚಿದ್ರ?

ಎರಡನೇದ್ರ ಲೋಡ್ ಎಲ್ಲಾ ಮೊದಲನೇದ್ರ ಒಂದ ಸಾಕೆಟ್ಟಿನ ಮ್ಯಾಲೆ ಬೀಳ್ತೈತಿ. ಹಚ್ಚಬ್ಯಾಡ್ರಿ. ಉದ್ದ ಸಾಲವಲ್ದು ಅಂದ್ರ ಉದ್ದಂದ ತಗೋರಿ.

ಪ್ರಶ್ನೆ: ಹೊಸಾದು ತಗೋಬೇಕಂದ್ರ ಅಂಗಡ್ಯಾಗ ಏನ್ ನೋಡ್ಬೇಕು?

ಐಎಸ್‌ಐ ಗುರುತು, ಅದರ ಜೋಡಿ ನಂಬರ್. ಟಾಪು ಸಾಕೆಟ್ಟಿಗೆ ಐಎಸ್ 1293, ವೈರಿಗೆ ಐಎಸ್ 694. ಗುರುತು ಯಾರ ಬೇಕಾದ್ರೂ ಹೊಡೀತಾರ ಅನ್ನೋರಿಗೆ, ಗುರುತಿನ ಹತ್ರ ಸಿಎಂ/ಎಲ್ ಅಂತ ಶುರು ಆಗೋ ಲೈಸೆನ್ಸ್ ನಂಬರ್ ಇರ್ತೈತಿ, ಅದನ್ನ ಬಿಐಎಸ್ ಕೇರ್ ಆ್ಯಪನ್ಯಾಗ ಹಾಕಿದ್ರ ಯಾರದು, ಚಾಲ್ತಿ ಐತೋ ಇಲ್ಲೋ ಬರ್ತೈತಿ, ಅಂಗಡ್ಯಾಗ ನಿಂತ ನೋಡಬಹುದು. ಆಮ್ಯಾಲೆ ವೈರಿನ ಮ್ಯಾಲೆ ಎಷ್ಟ ಸ್ಕ್ವೇರ್ ಎಂಎಂ ಅಂತ ಅಚ್ಚ ಇರ್ತೈತಿ, ಏನೂ ಇಲ್ಲಂದ್ರ ಅಲ್ಲೇ ಇಟ್ಟ ಬರ್ರಿ. ಟಿವಿ ಚಾರ್ಜರಿಗೆ 0.75 ನಡೀತೈತಿ, ಇಸ್ತ್ರಿ ಮಿಕ್ಸರ್ ಹಚ್ಚೋ ಮನಿಗೆ ನಾ 1.5 ಕ್ಕಿಂತ ಕಡಿಮಿ ಕೊಡಂಗಿಲ್ಲ. ಸಾಕೆಟ್ಟಿನ ತೂತಿನೊಳಗ ಶಟರ್ ಇರಬೇಕು, ಸಣ್ಣ ಹುಡುಗ್ರು ಕಡ್ಡಿ ಹೆಟ್ಟಿದ್ರ ಹೋಗಬಾರ್ದು.

ಇನ್ನೊಂದು, ತಾಮ್ರದ ಬಣ್ಣ ಹಚ್ಚಿದ ಅಲ್ಯೂಮಿನಿಯಂ ವೈರ್ ಬಂದಾವ. ತಂತಿ ತುದಿ ಚಾಕುಲೆ ಕೆರದ ನೋಡ್ರಿ, ಒಳಗ ಬೆಳ್ಳಗ ಕಂಡ್ರ ತಾಮ್ರ ಅಲ್ಲ. ಸಂತ್ಯಾಗ ಬುಟ್ಟಿಯೊಳಗ ಮಾರೋ ಬಾಕ್ಸ್ ಕೈಯಾಗ ಹಿಡದ್ರ ಹಗೂರ ಬೆಂಡಿನಂಗ ಇರ್ತೈತಿ, ತೂಕಾನ ಹೇಳ್ತೈತಿ ಒಳಗ ಏನೈತಿ ಅಂತ.

ಪ್ರಶ್ನೆ: ಸ್ಪೈಕ್ ಗಾರ್ಡ್ ಅಂದ್ರ ಲೋಡ್ ತಡಿಯೋ ಬಾಕ್ಸಾ?

ಅಲ್ಲ. ಸಿಡ್ಲು ಗುಡುಗಿನಾಗ, ಕರೆಂಟ್ ಹೋಗಿ ಬರೋವಾಗ ಒಮ್ಮಿಂದೊಮ್ಮೆ ವೋಲ್ಟೇಜ್ ಏರ್ತೈತಲ್ಲ, ಅದನ್ನ ಸ್ವಲ್ಪ ನುಂಗ್ತೈತಿ ಅಷ್ಟ. ಅದಕ್ಕ ಗೀಸರ್ ಹಚ್ಚಿದ್ರ ಅದೂ ಸುಡ್ತೈತಿ. ಜೋರ ಸಿಡ್ಲಿದ್ದಾಗ ಟಾಪ್ ಕಿತ್ತ ಇಡೋದ ಚಲೋ.

ಪ್ರಶ್ನೆ: ಕೆಲಸ ಮುಗದ ಮ್ಯಾಲೆ ಸುತ್ತಿ ಇಡೋದು ಹೆಂಗ? ನಮ್ಮದು ಯಾವಾಗ್ಲೂ ಗಂಟ ಬೀಳ್ತೈತಿ.

ಮೊಣಕೈ ಮತ್ತ ಅಂಗೈ ನಡುವ ಹಗ್ಗ ಸುತ್ತಿದಂಗ ಬಿಗಿ ಸುತ್ತತೀರಿ, ಅದಕ್ಕ. ಹಂಗ ಸುತ್ತಿದ್ರ ಪ್ರತಿ ಸುತ್ತಿಗೂ ವೈರ್ ಒಂದ ತಿರುವು ತಿರುಗತೈತಿ, ಒಳಗಿನ ಎಳಿ ತಿರುಚಿ ತಿರುಚಿ ತುಂಡ ಆಗ್ತಾವ, ಹೊರಗ ಏನೂ ಕಾಣಂಗಿಲ್ಲ. ನಾವು ಮಾಡೋದು ಹಿಂಗ: ಮೊದಲ ಟಾಪ್ ಕಿತ್ತು, ವೈರ್ ಪೂರ್ತಿ ನೆಲಕ್ಕ ಹಾಸಿ, ಒಣ ಅರಬಿಲೆ ಒರಸ್ಕೋತ ಬರೋದು, ಒರಸೋವಾಗ ಬೆರಳಿಗೆ ಎಲ್ಲಿ ಸೀಳು, ಉಬ್ಬು, ಗಟ್ಟಿ ಸಿಗ್ತೈತೋ ನೋಡೋದು. ಆಮ್ಯಾಲೆ ಒಂದ ಸುತ್ತು ಕೈ ಮ್ಯಾಲೆ, ಮುಂದಿನ ಸುತ್ತು ಮಣಿಕಟ್ಟು ತಿರುಗಿಸಿ ಒಳಗಿಂದ, ಹಿಂಗ ಒಂದ ಬಿಟ್ಟ ಒಂದ. ಮೊದಲ ಎರಡ ದಿನ ಕೈ ಕೇಳಂಗಿಲ್ಲ, ರೂಢಿ ಆದ್ರ ಒಂದ ತುದಿ ಹಿಡದ ಒಗದ್ರ ಸರ್ರ ಅಂತ ಬಿಚ್ಚಿಕೋತೈತಿ. ಸಿಂಬಿಯಷ್ಟ ಸಣ್ಣ ಸುತ್ತ ಬ್ಯಾಡ, ರೊಟ್ಟಿ ಬುಟ್ಟಿಯಷ್ಟ ಅಗಲ ಇರ್ಲಿ. ಕಟ್ಟಾಕ ಅರಿಬಿ ಪಟ್ಟಿ ಸಾಕು, ತಂತಿಲೆ ಕಟ್ಟಬ್ಯಾಡ್ರಿ, ಚರ್ಮ ಕೊಯ್ತೈತಿ. ಬಾಕ್ಸಿನ ಸುತ್ತ ವೈರ್ ಬಿಗದ ಸುತ್ತೋದೂ ಬ್ಯಾಡ, ಬಾಕ್ಸಿನ ಬಾಯಿ ಹತ್ರಾನ ಮೊದಲ ಮುರಿಯೋದು.

ಪ್ರಶ್ನೆ: ಎಲ್ಲಿ ಇಡಬೇಕು?

ಕಟಗಿ ಗೂಟಕ್ಕ ತೂಗಹಾಕ್ರಿ, ಮೊಳಿಗೆ ಬ್ಯಾಡ. ಬಚ್ಚಲ ಗ್ವಾಡಿ, ಒಲಿ ಮಗ್ಗಲ, ಗಾಡಿ ಪೆಟ್ರೋಲ್ ಕ್ಯಾನ್ ಇಡೋ ಮೂಲಿ, ಮಾಳಗಿ ಮ್ಯಾಲಿನ ಬಿಸಲು, ಇವು ನಾಕೂ ಬ್ಯಾಡ. ಬಿಸಲಿಗೆ ಪಿವಿಸಿ ಒಣಗಿ ಪಟ್ ಅಂತ ಸೀಳತೈತಿ.

ಎಲ್ಲಾಕ್ಕಿಂತ ಜಗ್ಗಿ ತ್ರಾಸ ನಾ ನೋಡಿದ್ದು ಜ್ವಾಳದ ಚೀಲದ ಹಿಂದ ಇಟ್ಟ ವೈರು. ಚೀಲಕ್ಕ ಬಂದ ಇಲಿ ವೈರನ್ನೂ ಕಡೀತೈತಿ, ಹಸದ ಅಲ್ಲ, ಹಲ್ಲ ಮಸಿಯಾಕ. ವರ್ಷಕ್ಕೊಮ್ಮೆ ಜಾತ್ರಿಗೋ ಗಣಪತಿಗೋ ತಗದು ನೋಡದ ಹಂಗ ಹಚ್ಚಿಬಿಡ್ತಾರ. ಡಬ್ಬಿಯೊಳಗ ಹಾಕಿ ಮುಚ್ಚಿ ಇಟ್ರ ಈ ಗೊಡವಿ ಇಲ್ಲ.

ಪ್ರಶ್ನೆ: ನಡುವ ವೈರ್ ಕಟ್ ಆಗೈತಿ, ಟೇಪ್ ಸುತ್ತಿದ್ರ ನಡೀತೈತಲ್ರಿ?

ನಮ್ಮ ಮಂದಿಗೆ ಕರಿ ಟೇಪಿನ ಮ್ಯಾಲೆ ದೇವರಕಿಂತ ಜಾಸ್ತಿ ನಂಬಿಕಿ. ತಿರುಚಿದ ಗಂಟು ಬರಬರ್ತಾ ಸಡಿಲ ಆಗ್ತೈತಿ, ಸಡಿಲ ಆದಲ್ಲೇ ಕಾವು, ಕಾವಿಗೆ ಟೇಪಿನ ಅಂಟು ಬಿಡ್ತೈತಿ, ಒಂದ ದಿನ ಬರಿ ತಂತಿ ಕಾಲಿಗೆ ಸಿಗ್ತೈತಿ. ಕಟ್ ಆದಲ್ಲೇ ತುಂಡ ಮಾಡಿ, ಚಲೋ ಇದ್ದ ಭಾಗಕ್ಕ ಹೊಸ ಟಾಪ್ ಹಾಕ್ರಿ, ವೈರ್ ಗಿಡ್ಡ ಆಗ್ತೈತಿ ಅಷ್ಟ. ಟಾಪ್ ಇಲ್ಲ ಅಂತ ಬರಿ ತಂತಿನ ಸಾಕೆಟ್ಟಿನ್ಯಾಗ ಹೆಟ್ಟಿ ಕಡ್ಡಿಪೆಟ್ಟಿಗಿ ಕಡ್ಡಿ ಸಿಗಸ್ತಾರಲ್ಲ, ಅಂಥಾ ಮನ್ಯಾಗ ನಾ ಮೊದಲ ಅದನ್ನ ಕಿತ್ತ ಒಗದ ಆಮ್ಯಾಲೆ ಚಾ ಕುಡೀತೀನಿ. ಬೆಂಕಿ ಹಚ್ಚೋ ಸಾಮಾನನ್ನ ಕಿಡಿ ಹಾರೋ ಜಾಗಾದಾಗ ಸಿಗಸೋ ಶಾಣ್ಯಾತನ ಯಾರದೋ ಏನೋ.

ಪ್ರಶ್ನೆ: ಕಾಲಿಗೆ ತೊಡಕತೈತಿ ಅಂತ ಜಮಖಾನಿ ಕೆಳಗ ಹಾಸೀವಿ.

ತಗೀರಿ. ಮ್ಯಾಲಿಂದ ತುಳತ, ಕಾವು ಹೋಗಾಕ ದಾರಿಲ್ಲ, ಸೀಳಿದ್ರ ಕಾಣಂಗಿಲ್ಲ. ಬಾಗಲ ಸಂದಿಯೊಳಗ ಹಾಯಿಸೋದೂ ಅಷ್ಟ ಕೆಟ್ಟದ್ದು.

ಪ್ರಶ್ನೆ: ಇಳಕಲ್‌ದಾಗ ಮಗ್ಗದ ಮನಿ ನಮ್ಮದು, ಬಾಕ್ಸಿನ ತೂತು ತುಂಬ ನೂಲಿನ ಧೂಳ ಕುಂದರತೈತಿ. ಏನಾಗ್ತೈತಿ?

ನೂಲಿನ ಧೂಳು ಅಂದ್ರ ಒಣ ಹತ್ತಿ, ಒಂದ ಕಿಡಿ ಸಾಕು. ಬಾಕ್ಸನ್ನ ನೆಲದ ಮ್ಯಾಲೆ ಇಡದ ಗ್ವಾಡಿಗೆ ಎತ್ತರ ಕೂಡಸ್ರಿ, ಖಾಲಿ ಸಾಕೆಟ್ಟಿಗೆ ಪ್ಲಾಸ್ಟಿಕ್ ಮುಚ್ಚಳ ಹಾಕ್ರಿ, ವಾರಕ್ಕೊಮ್ಮೆ ಟಾಪ್ ಕಿತ್ತ ಒಣ ಬ್ರಷ್‌ಲೆ ಝಾಡಸ್ರಿ. ಬಾಯಿಲೆ ಊದಬ್ಯಾಡ್ರಿ, ಉಗುಳ ಹಾರತೈತಿ. ಮಗ್ಗದ ಮೋಟಾರ್ ಅಂತೂ ಎಕ್ಸ್‌ಟೆನ್ಶನ್ ಮ್ಯಾಲೆ ಬ್ಯಾಡ.

ಪ್ರಶ್ನೆ: ನಳದ ನೀರ ಏರಸಾಕ ಅರ್ಧ ಎಚ್‌ಪಿ ಮೋಟಾರ್ ಹಚ್ಚಿದ್ರ ಗುಂಯ್ ಅಂತೈತಿ, ತಿರಗವಲ್ದು.

ಉದ್ದ ತೆಳ್ಳನ ವೈರಿನ್ಯಾಗ ವೋಲ್ಟೇಜ್ ಸತ್ತ ಹೋಗಿರ್ತೈತಿ, ಶುರು ಆಗೋವಾಗ ಮೋಟಾರ್ ಭಾಳ ಎಳೀತೈತಿ, ಆ ಹೊತ್ತಿಗೆ ಅದಕ್ಕ ಸಿಗಬೇಕಾದಷ್ಟ ವೋಲ್ಟೇಜ್ ಸಿಗಂಗಿಲ್ಲ. ಗುಂಯ್ ಅಂದ ಕೂಡ್ಲೆ ಬಂದ್ ಮಾಡ್ರಿ, ಹಂಗ ಬಿಟ್ರ ವೈಂಡಿಂಗ್ ಸುಡ್ತೈತಿ. ಕೆಪಾಸಿಟರ್ ಹೋಗಿದ್ರೂ ಹಂಗ ಮಾಡ್ತೈತಿ, ಸೀದಾ ಗ್ವಾಡಿ ಪಾಯಿಂಟಿಗೆ ಹಚ್ಚಿ ನೋಡಿದ್ರ ಯಾವುದರ ತಪ್ಪು ಅಂತ ಗೊತ್ತಾಗ್ತೈತಿ.

ಪ್ರಶ್ನೆ: ಓಣಿ ಗಣಪತಿಗೆ, ಮದ್ವಿ ಹಂದರಕ್ಕ ಮನಿಯಿಂದ ವೈರ್ ಎಳದ್ರ?

ಸೀರಿಯಲ್ ಲೈಟ್ ಒಂದೆರಡಕ್ಕ ಅಡ್ಡಿಲ್ಲ. ಸೌಂಡ್, ಹ್ಯಾಲೊಜನ್ ಬಂದ್ರ ಹೆಸ್ಕಾಂದಿಂದ ಟೆಂಪರರಿ ಕನೆಕ್ಷನ್ ತಗೋರಿ. ಕಂಬಕ್ಕ ಹುಕ್ ಹಾಕೋದು 2003 ರ ವಿದ್ಯುತ್ ಕಾಯ್ದೆ ಪ್ರಕಾರ ಕಳುವು, ಕೇಸ್ ಆಗೋದಕ್ಕಿಂತ ಮೊದಲ ಜೀವ ಹೋಗೋದು ಜಾಸ್ತಿ. ಭಾದ್ರಪದದ ಮಳಿಯೊಳಗ ಬಾಕ್ಸ್ ನೆಲಕ್ಕ ಬಿಡಬ್ಯಾಡ್ರಿ, ಎತ್ತರಕ್ಕ ಕಟ್ಟಿ, ವೈರ್ ಬಾಕ್ಸಿಗೆ ಹೋಗೋಕಿಂತ ಮೊದಲ ಕೆಳಗ ಒಂದ ಜೋಲಿ ಬಿಡ್ರಿ, ನೀರ ಆ ಜೋಲಿಯಿಂದ ತೊಟ್ಟಿಕ್ಕತೈತಿ, ಬಾಕ್ಸಿನೊಳಗ ಇಳಿಯಂಗಿಲ್ಲ. ಪ್ಲಾಸ್ಟಿಕ್ ಚೀಲ ಬಿಗದ ಕಟ್ಟತಾರ, ಅದು ನೀರನ್ನೂ ಒಳಗ ಹಿಡದ ಇಡ್ತೈತಿ, ಕಾವನ್ನೂ.

ಪ್ರಶ್ನೆ: ಸುಟ್ಟ ವಾಸನಿ ಬಂತು, ಕಿಡಿ ಬಂತು, ಯಾರಿಗಾರೂ ಶಾಕ್ ಹೊಡೀತು. ಏನ್ ಮಾಡ್ಬೇಕು?

ಮೊದಲ ಮೇನ್ ಬಂದ್. ಎಲ್ಲಿ ಐತಿ ಅನ್ನೋದು ಮನ್ಯಾಗಿನ ಮುದುಕ್ರಿಂದ ಹಿಡದ ಹುಡುಗ್ರ ತನಕ ಗೊತ್ತಿರಬೇಕು. ಉರಿ ಹತ್ತಿದ್ರ ನೀರ ಉಗ್ಗಬ್ಯಾಡ್ರಿ, ಮೇನ್ ಬಂದ್ ಮಾಡಿ ಒಣ ಮರಳ, ಇಲ್ಲಾ ಪೌಡರಿನ ಫೈರ್ ಸಿಲಿಂಡರ್. ದೊಡ್ಡದಾದ್ರ ಹೊರಗ ಬಂದು 101 ಇಲ್ಲಾ 112. ಶಾಕ್ ಹಿಡಕೊಂಡಾರ್ನ ಕೈಲೆ ಎಳಿಯಾಕ ಹೋಗಬ್ಯಾಡ್ರಿ, ಇಬ್ರೂ ಹೋಗ್ತೀರಿ. ಮೇನ್ ದೂರ ಇದ್ರ ಒಣ ನೆಲದ ಮ್ಯಾಲೆ ನಿಂತು ಒಣ ಕಟಗಿಲೆ ವೈರ್ ಸರಸ್ರಿ. ಉಸಿರಿಲ್ಲಂದ್ರ 108 ಕ್ಕ ಫೋನ್ ಹಚ್ಚಿ, ಎದಿ ನಡುವ ಒತ್ತಾಕ ಶುರು ಮಾಡ್ರಿ, ನಿಮಿಷಕ್ಕ 100 ರಿಂದ 120 ಸಲ. ಎದ್ದ ಕುಂತು ಆರಾಮ ಅದೀನಿ ಅಂದ್ರೂ ದವಾಖಾನಿಗೆ ಕರಕೊಂಡ ಹೋಗ್ರಿ, ಶಾಕಿಂದ ಎದಿಬಡತ ತಪ್ಪೋದು ಮ್ಯಾಲೆ ಕಾಣಂಗಿಲ್ಲ. ಮನಿ ಹೊರಗಿನ ಲೈನ್, ಕಂಬದ ಕಿಡಿಗೆ ಹೆಸ್ಕಾಂ 1912.

ಪ್ರಶ್ನೆ: ನಮ್ಮದು ಹಳೇ ಊರಾಗಿನ ಮಣ್ಣಿನ ಗ್ವಾಡಿ ಮನಿ. ಖೋಲಿಗೊಂದ ಪಾಯಿಂಟ್. ಐದ ಎಕ್ಸ್‌ಟೆನ್ಶನ್ ವರ್ಷಗಟ್ಲೆ ಹಂಗ ಅದಾವ. ಗ್ವಾಡಿ ಕೆತ್ತಾಕ ಬರಂಗಿಲ್ಲ, ಏನ್ ಮಾಡೂನ್ರಿ?

ಕೆತ್ತೋದು ಬ್ಯಾಡ. ಗ್ವಾಡಿ ಮ್ಯಾಲೆ ಪ್ಲಾಸ್ಟಿಕ್ ಕೇಸಿಂಗ್ ಪಟ್ಟಿ ಹೊಡದು ಅದರೊಳಗ 2.5 ಸ್ಕ್ವೇರ್ ವೈರ್ ಎಳದು ಅರ್ಥಿಂಗ್ ಸಮೇತ ಹೊಸ ಪಾಯಿಂಟ್ ಕೂಡಸಬಹುದು. ಮಣ್ಣಿನ ಗ್ವಾಡ್ಯಾಗ ಸ್ಕ್ರೂ ನಿಲ್ಲವಲ್ದು ಅಂದ್ರ ತೊಲಿಗುಂಟ, ಚೌಕಟ್ಟಿಗುಂಟ ಪಟ್ಟಿ ಹಾಯಸ್ತೀವಿ, ಕಟಗಿ ಹಿಡೀತೈತಿ. ಐದೂ ಒಮ್ಮೆಗೇ ಆಗಂಗಿಲ್ಲ ಅಂದ್ರ ಫ್ರಿಡ್ಜಿಂದು ಮೊದಲ ಮಾಡಸ್ರಿ, ಆಮ್ಯಾಲೆ ಅಡಗಿಮನಿ ಮಿಕ್ಸರಿಂದು. ಟಿವಿದು ಕಡೀಕ ಆದ್ರೂ ನಡೀತೈತಿ. ಮತ್ತ ವೈರ್‌ಮನ್ ಬಂದಾಗ ಮೀಟರಿನ ಹತ್ರ ಹಳೇ ಪಿಂಗಾಣಿ ಫ್ಯೂಸ್ ಇದ್ರ ಅದರೊಳಗ ಯಾವ ತಂತಿ ಐತಿ ತಗದ ನೋಡಂತ ಹೇಳ್ರಿ, ಹೋದ ತಿಂಗಳ ಒಂದ ಮನ್ಯಾಗ ನನಗ ಸಿಕ್ಕಿದ್ದು ಬೇಲಿ ತಂತಿ.